ಲಾಭವಿದ್ದಾಗಿನ ನೆಂಟಸ್ತಿಕೆ

ಚೀನಾದ ಕ್ವಾನ್‌ಝೌ ಊರಿನ ಕೈಯುವಾನ್ ಬೌದ್ಧ ದೇವಾಲಯ ಬಹಳ ಹಳೆಯದು. ಕ್ರಿ.ಶ. 686ರಲ್ಲಿ ಶುರುವಾದದ್ದು. ಅಲ್ಲಿನ ಮುಖ್ಯ ಮಂದಿರದಲ್ಲಿ ಬುದ್ಧನಿಗೆ ಕೈಮುಗಿದು, ಒಂದು ಸುತ್ತು ಹಾಕಿಕೊಂಡು ಹಿಂಬದಿಗೆ ಬಂದರೆ ಎರಡು ಕಲ್ಲಿನ ಕಂಬ ಎದುರಾಗ್ತವೆ. ಹದಿನಾರು ಮುಖದ ಕಂಬಗಳು, ಮೈಮೇಲೆ ದುಂಡು ದುಂಡಾದ ಉಬ್ಬುಚಿತ್ರಗಳು. ಅವೇನು ಅಂತ ನಮ್ಮವರಿಗೆ ಯಾವ ಗೈಡೂ ಹೇಳಿಕೊಡಬೇಕಾಗಿಲ್ಲ. ಗೋಪಿಯರ ಸೀರೆ ಕದ್ದು ಮರ ಹತ್ತಿ ಕೂತ ಕೃಷ್ಣ. ಜೋಡಿ ಮರಗಳ ನಡುವಿನ ಕೃಷ್ಣ. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುತ್ತಿರುವ ನರಸಿಂಹ. ಮಂದಿರದ ಮುಂದಿನ ಜಗಲಿಯ ಅಂಚಿನಲ್ಲೂ ಹೀಗೇ 70ಕ್ಕೂ ಹೆಚ್ಚು ಕಲ್ಲುಗಳು ಸಾಲಾಗಿವೆ: ಸಿಂಹಗಳು, ಮನುಷ್ಯಮುಖದ ಸಿಂಹಗಳು. ಅವೂ ಹಿಂದೂ ದೇವಸ್ಥಾನದ ಕಲ್ಲುಗಳೇ.

ಈ ಕಂಬಗಳ ಫೋಟೋ ಆಗಾಗ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪುಗಳಿಗೆ ಬಂದು ಬೀಳುತ್ತೆ. ಚೀನಾದಲ್ಲೂ ನಮ್ಮ ಕೃಷ್ಣ, ಎಷ್ಟು ಜನಕ್ಕೆ ಗೊತ್ತು ಅಂತ ತಲೆಬರಹ. ಕೆಳಗೆ ಕೈಮುಗಿಯುವ ಎಮೋಜಿಗಳ ಸಾಲು. ಚೀನಾದ ಪ್ರವಾಸೋದ್ಯಮದವರ ಧಾಟಿ ಇನ್ನೊಂದು ಥರ. ನೋಡಿ, ಎಲ್ಲ ಧರ್ಮದವರೂ ಇಲ್ಲಿ ಅಣ್ಣತಮ್ಮಂದಿರ ಹಾಗೆ ಬಾಳಿದರು ಅಂತಾರೆ. ಎರಡೂ ಪೂರ್ತಿ ಸುಳ್ಳಲ್ಲ. ಆದರೆ ಎರಡೂ ಒಂದು ಪ್ರಶ್ನೆಯನ್ನ ಮುಟ್ಟುವುದಿಲ್ಲ: ಕೃಷ್ಣನ ಕಂಬ ಬುದ್ಧನ ಮನೆಗೆ ಬಂದದ್ದು ಹೇಗೆ?

ಉತ್ತರ ಸರಳವಾಗಿದೆ. ಆ ಕಂಬ ಯಾವ ದೇವಸ್ಥಾನದ್ದೋ ಆ ದೇವಸ್ಥಾನ ಉಳಿದಿರಲಿಲ್ಲ. ಅದನ್ನು ಕಟ್ಟಿಸಿದ ಜನರೂ ಊರಲ್ಲಿ ಉಳಿದಿರಲಿಲ್ಲ. ಮುಂದೆ ಮಿಂಗ್ ದೊರೆಗಳ ಕಾಲದಲ್ಲಿ ಕೈಯುವಾನ್ ಮಂದಿರದ ಜೀರ್ಣೋದ್ಧಾರ ಮಾಡುವಾಗ, ಒಳ್ಳೆಯ ಕಲ್ಲು, ಒಳ್ಳೆಯ ಕೆತ್ತನೆ, ಯಾಕೆ ಬಿಡಬೇಕು ಅಂತ ತಂದು ನಿಲ್ಲಿಸಿದರು. ಊರಿನ ಉದಾರತನಕ್ಕೆ ಸಾಕ್ಷಿ ಅಂತ ನಾವು ತೋರಿಸುವ ಕಂಬ, ಆ ಉದಾರತನ ಮುಗಿದುಹೋದದ್ದಕ್ಕೂ ಸಾಕ್ಷಿ.

ಕ್ವಾನ್‌ಝೌ ಬಗ್ಗೆ ಓದಲು ಕೂತರೆ ಇದೊಂದು ವಿಷಯ ತಲೆಯಿಂದ ಇಳಿಯೋದಿಲ್ಲ. ಮುನ್ನೂರು ನಾನೂರು ವರ್ಷ ಪ್ರಪಂಚದ ಎಲ್ಲ ದೇವರಿಗೂ ಜಾಗ ಕೊಟ್ಟ ಊರು ಹತ್ತೇ ವರ್ಷದಲ್ಲಿ ಹೇಗೆ ತಿರುಗಿಬಿತ್ತು? ಜಾಗ ಕೊಟ್ಟದ್ದು ಮನಸ್ಸಿನಿಂದಲೋ, ಲಾಭಕ್ಕಾಗಿಯೋ? ಲಾಭಕ್ಕಾಗಿಯೇ ಆಗಿದ್ದರೆ ಅದಕ್ಕೆ ಏನಾದರೂ ಬೆಲೆ ಇದೆಯಾ?

ಮೊದಲು ಊರಿನ ಪರಿಚಯ ಮಾಡಿಕೊಳ್ಳೋಣ. ಕ್ವಾನ್‌ಝೌ ಅಂತ ನಾವು ಬರೀತೀವಿ, ಚೀನೀಯರ ಬಾಯಲ್ಲಿ ಅದು ಹೆಚ್ಚುಕಮ್ಮಿ ‘ಚ್ವಾನ್‌ಜೋ’. ಫುಜಿಯಾನ್ ಪ್ರಾಂತ್ಯದ ಕರಾವಳಿಯಲ್ಲಿ, ತೈವಾನ್ ದ್ವೀಪದ ಎದುರು ದಡದಲ್ಲಿದೆ. ಆಫೀಸ್ ಕೆಲಸಕ್ಕೆ ಷಿಯಾಮೆನ್‌ಗೆ ಹೋದವರಿಗೆ ಅಲ್ಲಿಂದ ಹೈಸ್ಪೀಡ್ ರೈಲಿನಲ್ಲಿ ಅರ್ಧ ಗಂಟೆಯ ಆಸುಪಾಸಿನ ದಾರಿ. ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ, ಅದು ಬೇರೆ ಮಾತು.

ಅರಬರು ಈ ಊರನ್ನ ಜೈತೂನ್ ಅಂತ ಕರೀತಿದ್ದರು. ಆ ಹೆಸರಿಗೆ ಕಾರಣ ಒಂದು ಮರ. ಹತ್ತನೆಯ ಶತಮಾನದಲ್ಲಿ ಊರಿನ ಕೋಟೆ ಸುತ್ತ ‘ತ್ಸಿತೋಂಗ್’ ಅನ್ನುವ, ಕೆಂಪು ಹೂ ಬಿಡುವ ಮುಳ್ಳುಮರಗಳನ್ನ ಸಾಲಾಗಿ ನೆಡಿಸಿದರು. ಆ ಹೆಸರೇ ಅರಬರ ಬಾಯಲ್ಲಿ ಜೈತೂನ್ ಆಯಿತು ಅಂತ ವಿದ್ವಾಂಸರ ಮಾತು. ಮರ ನಮಗೆ ಅಪರಿಚಿತವೇನಲ್ಲ, ನಮ್ಮ ಕಡೆಯ ಹಾಲಿವಾಣವೇ ಅದು. ಮಲೆನಾಡಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸಲು ನೆಡ್ತೀವಲ್ಲ, ಅದು. ಮಜಾ ಏನೆಂದರೆ ಹಾಲಿವಾಣದ ಹೆಸರಿನ ಆ ಬಂದರಿಗೆ ಹಡಗುಗಟ್ಟಲೆ ಬರುತ್ತಿದ್ದ ಸರಕುಗಳಲ್ಲಿ ಕರಿಮೆಣಸೂ ಒಂದು. ಅಲೆಕ್ಸಾಂಡ್ರಿಯಾಕ್ಕೆ ಮೆಣಸಿನ ಒಂದು ಹಡಗು ಹೋದರೆ ಜೈತೂನಿಗೆ ನೂರು ಬರುತ್ತವೆ ಅಂತ ಮಾರ್ಕೊ ಪೋಲೊ ಹೇಳ್ತಾನೆ. 1974ರಲ್ಲಿ ಊರಿನ ಹತ್ತಿರದ ಹೌಝು ಅನ್ನುವಲ್ಲಿ ಕೆಸರಿನಿಂದ ಹದಿಮೂರನೆಯ ಶತಮಾನದ ಹಡಗೊಂದನ್ನ ಅಗೆದು ತೆಗೆದರು. ಹದಿಮೂರು ಕೋಣೆಗಳ ಹಡಗು. ಒಳಗೆ ಸುಗಂಧದ ಮರ, ಕರಿಮೆಣಸು, ಯಾವ ಮೂಟೆ ಯಾರದ್ದು ಅಂತ ಬರೆದ ಮರದ ಚೀಟಿಗಳು!

ಸೋಂಗ್ ದೊರೆಗಳು 1087ರಲ್ಲಿ ಇಲ್ಲಿ ಕಡಲ ವ್ಯಾಪಾರದ ಕಚೇರಿ ತೆರೆದರು. ಬಂದ ಹಡಗಿಗೆ ಪರವಾನಗಿ, ಸರಕಿನ ತಪಾಸಣೆ, ಸುಂಕ ವಸೂಲಿ ಎಲ್ಲ ಅಲ್ಲೇ. ಊರಿನ ಪಕ್ಕ ಜಿಯುರಿ ಅಂತ ಒಂದು ಬೆಟ್ಟವಿದೆ. ಹಡಗು ಹೊರಡುವ ಮತ್ತು ಮರಳುವ ಕಾಲಕ್ಕೆ ಅಧಿಕಾರಿಗಳೇ ಹೋಗಿ ಗಾಳಿಗಾಗಿ ಪ್ರಾರ್ಥನೆ ಮಾಡ್ತಿದ್ದರು. ಹಾಗೆ ಪ್ರಾರ್ಥಿಸಿದ್ದನ್ನ ಬಂಡೆಯ ಮೇಲೆ ಬರೆಸಿಯೂ ಇಟ್ಟಿದ್ದಾರೆ, 1174ರಿಂದ 1266ರವರೆಗಿನ ಬರಹಗಳು ಈಗಲೂ ಇವೆ. ರೆವಿನ್ಯೂ ಟಾರ್ಗೆಟ್ ಮುಟ್ಟಲಿ ಅಂತ ಸರ್ಕಾರಿ ಅಧಿಕಾರಿಗಳು ದೇವರ ಮೊರೆ ಹೋಗುವುದು ಹೊಸದೇನಲ್ಲ ಅಂದಹಾಗಾಯಿತು.

ವ್ಯಾಪಾರಕ್ಕೆ ಬಂದವರು ದೇವರನ್ನೂ ಜೊತೆಗೆ ತಂದರು. ಟುಮೆನ್ ರಸ್ತೆಯಲ್ಲಿರುವ ಚಿಂಗ್‌ಜಿಂಗ್ ಮಸೀದಿ ಹಿಜರಿ 400ರದ್ದು, ಅಂದರೆ ಕ್ರಿ.ಶ. 1009ರ ಸುಮಾರಿನದು. ಇವತ್ತಿಗೂ ಆ ಮಸೀದಿಯ ಪಕ್ಕದಲ್ಲೇ ಗ್ವಾನ್‌ಡಿ ದೇವರ ಗುಡಿ, ಊದುಬತ್ತಿಯ ಹೊಗೆ, ಜನಜಂಗುಳಿ. ಅಲ್ಲೇ ಹತ್ತಿರದಲ್ಲಿ ಕನ್‌ಫ್ಯೂಷಿಯಸ್ ಮಂದಿರ. 1281ರ ಒಂದು ತಮಿಳು ಶಾಸನ ಇಲ್ಲಿ ಸಿಕ್ಕಿದೆ. ಸಂಬಂಧ ಪೆರುಮಾಳ್ ಅನ್ನುವವನು ಶಿವನನ್ನ ಪ್ರತಿಷ್ಠೆ ಮಾಡಿಸಿದ್ದನ್ನ ಹೇಳುವ ಶಾಸನ ಅದು. ಊರಿನಿಂದ ಸ್ವಲ್ಪ ಆಚೆ, ಜಿನ್‌ಜಿಯಾಂಗ್ ಕಡೆ, ಚಾವೊಆನ್ ಅನ್ನುವ ಪುಟ್ಟ ಗುಡಿಯಲ್ಲಿ ಪರ್ಷಿಯಾ ಕಡೆಯ ಮಾನಿಯ ವಿಗ್ರಹವಿದೆ. 1339ರ ಕೆತ್ತನೆ. ಪ್ರಪಂಚದಲ್ಲಿ ಬೇರೆಲ್ಲೂ ಉಸಿರಿಲ್ಲದ ಮಾನಿ ಮತದ ಪ್ರವಾದಿ ಇಲ್ಲಿ ಗಡ್ಡ ಬಿಟ್ಟು, ಇಳಿಬಿದ್ದ ಕೂದಲಿನಲ್ಲಿ, ‘ಬೆಳಕಿನ ಬುದ್ಧ’ ಅನ್ನಿಸಿಕೊಂಡು ಕೂತಿದ್ದಾನೆ.

ಕ್ರೈಸ್ತರೂ ಇದ್ದರು. ಇಟಲಿಯ ಪೆರೂಜಾದಿಂದ ಬಂದ ಆಂಡ್ರ್ಯೂ ಅನ್ನುವ ಪಾದ್ರಿ ಇಲ್ಲಿ ಬಿಷಪ್ ಆಗಿದ್ದ. ಅವನ ಸಮಾಧಿಗಲ್ಲು ಲ್ಯಾಟಿನ್ ಅಕ್ಷರಗಳ ಸಮೇತ ಇದೇ ಊರಲ್ಲಿ ಸಿಕ್ಕಿದೆ. 1326ರಲ್ಲಿ ಅವನು ಊರಿಗೆ ಬರೆದ ಒಂದು ಕಾಗದ ಉಳಿದುಬಂದಿದೆ. ಈ ದೊಡ್ಡ ಸಾಮ್ರಾಜ್ಯದಲ್ಲಿ ಎಲ್ಲ ದೇಶದವರೂ, ಎಲ್ಲ ಮತದವರೂ ಇದ್ದಾರೆ, ಪ್ರತಿಯೊಬ್ಬರೂ ತಮ್ಮ ತಮ್ಮ ಪದ್ಧತಿಯಂತೆ ಬದುಕಬಹುದು ಅಂತ ಅವನು ವರದಿ ಮಾಡ್ತಾನೆ. ಮುಂದಿನ ಮಾತು ಸ್ವಾರಸ್ಯವಾಗಿದೆ. ಯಾಕೆ ಹೀಗೆ ಅಂದರೆ, ಯಾರು ಬೇಕಾದರೂ ತಮ್ಮ ಮತದಲ್ಲಿದ್ದುಕೊಂಡೇ ಮುಕ್ತಿ ಪಡೆಯಬಹುದು ಅನ್ನುವುದು ಇವರ ಅಭಿಪ್ರಾಯ, ಅಭಿಪ್ರಾಯವೇನು, ತಪ್ಪು ತಿಳಿವಳಿಕೆ ಅಂತಾನೆ!

ಯೋಚನೆ ಮಾಡಿ. ಚಕ್ರವರ್ತಿಯ ಖಜಾನೆಯಿಂದಲೇ ಅವನ ಜೀವನಕ್ಕೆ ಹಣ ಬರ್ತಿತ್ತು. ಅವನು ಅಲ್ಲಿ ಪ್ರಾರ್ಥನೆ ಮಾಡಲು ಆಗುತ್ತಿದ್ದದ್ದೇ ಆ ‘ತಪ್ಪು ತಿಳಿವಳಿಕೆ’ಯಿಂದ. ಆಂಡ್ರ್ಯೂ ಕೆಟ್ಟವನಾಗಿದ್ದ ಅಂತ ಹೇಳ್ತಿಲ್ಲ. ಸಹನೆಯ ನೆರಳಲ್ಲಿ ಬದುಕುವ ಎಲ್ಲರೂ ಸಹನೆಯನ್ನ ಒಪ್ಪಿಕೊಂಡಿರುತ್ತಾರೆ ಅಂತೇನಿಲ್ಲ, ಅಷ್ಟೇ. ನೆರಳು ಬೇಕು, ಮರದ ಬಗ್ಗೆ ತಕರಾರಿದೆ.

ಈಗ ಪ್ರಶ್ನೆಗೆ ಬರೋಣ. ಈ ಊರು ಎಲ್ಲರಿಗೂ ಜಾಗ ಕೊಟ್ಟದ್ದು ಯಾಕೆ? ವ್ಯಾಪಾರಕ್ಕೆ. ಇದಕ್ಕೆ ಅಲ್ಲಿನ ದಾಖಲೆಯನ್ನೇ ಹುಡುಕಬೇಕಾಗಿಲ್ಲ. ನಮ್ಮ ಕರಾವಳಿಯಲ್ಲೇ ಒಬ್ಬ ಸಾಕ್ಷಿ ಸಿಗ್ತಾನೆ. ಜೈತೂನ್ ಬಂದರಿನಲ್ಲಿ ನೂರರಷ್ಟು ದೊಡ್ಡ ಹಡಗುಗಳನ್ನ ಕಂಡೆ ಅಂತ ಬರೆದ ಇಬ್ನ್ ಬತೂತ, ಅದಕ್ಕೂ ಮೊದಲು ಹೊನ್ನಾವರ, ಮಂಗಳೂರುಗಳಲ್ಲಿ ಓಡಾಡಿದ್ದವನು. ಹೊನ್ನಾವರದಲ್ಲಿ ಹೆಣ್ಣುಮಕ್ಕಳ 13 ಶಾಲೆ, ಗಂಡುಮಕ್ಕಳ 23 ಶಾಲೆ ನೋಡಿದೆ ಅಂತ ಬರೆದದ್ದು ಇವನೇ. ಮಂಗಳೂರಿನ ಬಗ್ಗೆ ಅವನು ಹೇಳುವುದು ಹೀಗೆ: ಅಲ್ಲಿ ಸುಮಾರು 4000 ಮುಸ್ಲಿಮರು ಊರ ಪಕ್ಕದಲ್ಲಿ ತಮ್ಮದೇ ಕೇರಿ ಮಾಡಿಕೊಂಡಿದ್ದಾರೆ, ಅವರಿಗೂ ಊರಿನವರಿಗೂ ಆಗಾಗ ಜಗಳ ಹತ್ತಿಕೊಳ್ಳುತ್ತೆ, ಆಗೆಲ್ಲ ರಾಜನೇ ರಾಜಿ ಮಾಡಿಸುತ್ತಾನೆ. ಯಾಕೆಂದರೆ ರಾಜನಿಗೆ ವ್ಯಾಪಾರಿಗಳು ಬೇಕು.

ಎಷ್ಟು ನೇರವಾದ ಮಾತು! ಮಂಗಳೂರಿನ ಶಾಂತಿಗೂ ಜೈತೂನಿನ ಶಾಂತಿಗೂ ಬೇರು ಒಂದೇ. ಕೇರಿಗಳ ನಡುವೆ ಪ್ರೀತಿ ಇತ್ತೋ ಇಲ್ಲವೋ, ಬಂದರಿಗೆ ಸುಂಕ ಬರಬೇಕಿತ್ತು.

ಇದಕ್ಕೆ ಬೆಲೆ ಇದೆಯಾ ಅನ್ನೋದರ ಬಗ್ಗೆ ಯುರೋಪಿನ ಇಬ್ಬರು ದೊಡ್ಡವರು ಎರಡು ಥರ ಯೋಚಿಸಿದ್ದಾರೆ. ವೋಲ್ಟೇರ್ ಲಂಡನ್ನಿನ ಷೇರು ಪೇಟೆ ನೋಡಿ ಖುಷಿಪಟ್ಟವನು. 1733ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಹೇಳಿದ್ದರ ಸಾರ ಇಷ್ಟು: ಯೆಹೂದಿ, ಮುಸ್ಲಿಮ್, ಕ್ರೈಸ್ತ ಎಲ್ಲರೂ ಅಲ್ಲಿ ಒಂದೇ ಮತದವರ ಹಾಗೆ ವ್ಯವಹಾರ ಮಾಡ್ತಾರೆ, ದಿವಾಳಿ ಎದ್ದವನನ್ನ ಮಾತ್ರ ನಾಸ್ತಿಕ ಅಂತಾರೆ. ಕೊಲ್ಲುವುದಕ್ಕಿಂತ ಕೊಡುಕೊಳ್ಳುವುದು ಮೇಲು, ಅದು ಸಾಕು ಅನ್ನುವ ಪಕ್ಷ ಅವನದು. ಕಾಂಟ್ ಒಪ್ಪುವವನಲ್ಲ. 1785ರಲ್ಲಿ ಅವನು ಕೊಟ್ಟ ಅಂಗಡಿಯವನ ಉದಾಹರಣೆ ತತ್ವಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಚಿಕ್ಕ ಮಗು ಬಂದು ಕೇಳಿದರೂ ಅಂಗಡಿಯವನು ಸರಿಯಾದ ಬೆಲೆಯನ್ನೇ ಹೇಳ್ತಾನೆ. ಒಳ್ಳೆಯದೇ. ಆದರೆ ಮೋಸ ಮಾಡಿದರೆ ಗಿರಾಕಿ ಕೈತಪ್ಪುತ್ತಾರೆ ಅಂತ ಹಾಗೆ ಮಾಡಿದರೆ ಅವನ ಕೆಲಸ ಸರಿಯೇ ಹೊರತು ಅದಕ್ಕೆ ನೈತಿಕ ತೂಕ ಇಲ್ಲ ಅಂತಾನೆ ಕಾಂಟ್.

ನನಗೆ ಮೊದಲಿನಿಂದ ವೋಲ್ಟೇರ್ ಕಡೆಗೇ ಒಲವು. ಎದೆ ಸೀಳಿ ಯಾರ ಉದ್ದೇಶ ಏನು ಅಂತ ನೋಡೋದಕ್ಕೆ ಆಗಲ್ಲ. ಪಕ್ಕದ ಮನೆಯವನು ಯಾಕೆ ನನಗೆ ತೊಂದರೆ ಕೊಡ್ತಿಲ್ಲ ಅನ್ನೋದಕ್ಕಿಂತ, ಕೊಡ್ತಿಲ್ಲ ಅನ್ನೋದು ಮುಖ್ಯ. ಮೂರು ಶತಮಾನದ ಶಾಂತಿ ಅಂದರೆ ಎಷ್ಟೊಂದು ಮದುವೆ, ಎಷ್ಟೊಂದು ಬಾಣಂತನ, ಎಷ್ಟೊಂದು ಮಕ್ಕಳು ಹೆದರಿಕೆ ಇಲ್ಲದೆ ನಿದ್ದೆ ಮಾಡಿದ ರಾತ್ರಿಗಳು. ಉದ್ದೇಶ ಶುದ್ಧವಾಗಿರಲಿಲ್ಲ ಅಂತ ಇದನ್ನೆಲ್ಲ ತಳ್ಳಿಹಾಕಲು ನನ್ನಿಂದ ಆಗಲ್ಲ.

ಆದರೆ ಕ್ವಾನ್‌ಝೌ ಕಥೆಯ ಉಳಿದ ಭಾಗವನ್ನೂ ಓದಬೇಕಲ್ಲ.

1276ರ ಹೊತ್ತಿಗೆ ಮಂಗೋಲರು ದಕ್ಷಿಣಕ್ಕೆ ನುಗ್ಗಿದರು. ಆಗ ಈ ಊರಿನ ಬಲಾಢ್ಯ ಮನುಷ್ಯ ಅಂದರೆ ಪು ಶೌಗೆಂಗ್. ವಿದೇಶಿ ಮೂಲದ ವ್ಯಾಪಾರಿ ಮನೆತನ, ಸೋಂಗ್ ದೊರೆಗಳ ಕಡಲ ವ್ಯಾಪಾರವನ್ನ ನೋಡಿಕೊಳ್ಳುತ್ತಿದ್ದವನು. ಸೋಂಗ್ ರಾಜಮನೆತನದ ಎಷ್ಟೋ ಕುಟುಂಬಗಳು ಈ ಊರಿನಲ್ಲೇ ನೆಲೆಸಿದ್ದವು. ದಿಕ್ಕೆಟ್ಟ ಆಸ್ಥಾನ ಹಡಗಿನಲ್ಲಿ ಕ್ವಾನ್‌ಝೌಗೆ ಬಂದು ಅವನ ಸಹಾಯ ಕೇಳಿತು, ಅವನ ಹಡಗುಗಳನ್ನೂ ಸರಕನ್ನೂ ಜಪ್ತಿ ಮಾಡಿಕೊಂಡಿತು. ಪು ಲೆಕ್ಕ ಹಾಕಿದ. ಮಂಗೋಲರ ಕಡೆ ಸೇರಿದ. ಊರಿನಲ್ಲಿದ್ದ ರಾಜಮನೆತನದವರನ್ನ ಕೊಲ್ಲಿಸಿದ. ಬಂದರು ಉಳಿಯಿತು, ವ್ಯಾಪಾರ ಮೊದಲಿಗಿಂತ ಜೋರಾಯಿತು.

ಮಂಗೋಲರ ಯುವಾನ್ ಆಳ್ವಿಕೆಯಲ್ಲಿ ಪ್ರಜೆಗಳನ್ನ ನಾಲ್ಕು ಮೆಟ್ಟಿಲು ಮಾಡಿದ್ದರು. ಮೇಲೆ ಮಂಗೋಲರು. ಎರಡನೆಯದು ಪಶ್ಚಿಮದಿಂದ ಬಂದ ಪರ್ಷಿಯನ್, ಅರಬ್, ಮಧ್ಯ ಏಷ್ಯಾದವರು. ಮೂರನೆಯದು ಉತ್ತರ ಚೀನಾದವರು. ಕಟ್ಟಕಡೆಗೆ ದಕ್ಷಿಣದವರು, ಅಂದರೆ ಕ್ವಾನ್‌ಝೌ ಊರಿನ ಮೂಲ ಜನ. ಅವರ ಕಣ್ಣಿನಿಂದ ಒಮ್ಮೆ ನೋಡಿ. ತಾತ ಮುತ್ತಾತನ ಕಾಲದಿಂದ ಇದ್ದ ಊರು. ಮಸೀದಿ, ಶಿವಾಲಯ, ಇಗರ್ಜಿ ಎಲ್ಲಕ್ಕೂ ಮೇಲಿನವರ ಕೃಪೆ ಇದೆ. ಆ 1281ರ ತಮಿಳು ಶಾಸನದಲ್ಲೂ ಅದೇ ಇದೆ: ಶಿವನ ಪ್ರತಿಷ್ಠೆ ಆದದ್ದು ಖಾನನ ಫರ್ಮಾನಿನಂತೆ, ಖಾನನ ಮೈ ಆರೋಗ್ಯವಾಗಿರಲಿ ಅಂತ. ಎಲ್ಲ ದೇವರೂ ಒಬ್ಬ ರಾಜನ ಕ್ಷೇಮಕ್ಕೆ ದುಡೀತಿದ್ದರು. ಊರ ಜನ ಮಾತ್ರ ಕೆಳಗಿನ ಮೆಟ್ಟಿಲಲ್ಲಿ ನಿಂತು ಕಂದಾಯ ಕಟ್ಟುತ್ತಿದ್ದರು.

1357ರಲ್ಲಿ ಊರಿನ ಪರ್ಷಿಯನ್ ಸೇನಾ ತುಕಡಿಗಳು ದಂಗೆ ಎದ್ದವು. ಹತ್ತಿರ ಹತ್ತಿರ ಹತ್ತು ವರ್ಷ ಹೊಡೆದಾಟ. ವಿದೇಶಿಯರಲ್ಲೇ ಒಳಜಗಳ, ಪು ಮನೆತನದ ನೆಂಟನೊಬ್ಬನ ದರ್ಬಾರು, ಊರು ಹಿಂಡಿ ಹಿಪ್ಪೆಯಾಯಿತು. 1366ರಲ್ಲಿ ಚೆನ್ ಯೌಡಿಂಗ್ ಅನ್ನುವ ದಂಡನಾಯಕನ ಪಡೆಗಳು ಊರನ್ನ ಗೆದ್ದುಕೊಂಡವು. ಆಮೇಲೆ ನಡೆದದ್ದನ್ನ ಸ್ಥಳೀಯ ಮನೆತನವೊಂದರ ವಂಶಾವಳಿಯಲ್ಲಿ ಬರೆದಿಟ್ಟಿದ್ದಾರೆ. ಕೋಟೆ ಬಾಗಿಲು ಹಾಕಿ ಮೂರು ದಿನ ಪಶ್ಚಿಮದವರನ್ನೆಲ್ಲ ಹುಡುಕಿ ಕೊಂದರಂತೆ. ಆ ಗಲಾಟೆಯಲ್ಲಿ, ಮೂಗು ಉದ್ದ ಇದ್ದವರು, ಕೂದಲ ಬಣ್ಣ ಬೇರೆ ಇದ್ದವರು ಎಷ್ಟೋ ಮಂದಿ ತಪ್ಪಾಗಿ ಸತ್ತರಂತೆ.

ಆ ‘ತಪ್ಪಾಗಿ’ ಅನ್ನುವ ಮಾತಿನಲ್ಲಿ ನಾನು ತುಂಬ ಹೊತ್ತು ಸಿಕ್ಕಿಹಾಕಿಕೊಂಡೆ. ಹಾಗಾದರೆ ಉಳಿದವರದ್ದು ಸರಿಯಾಗಿ ಸತ್ತ ಸಾವಾ? ಸುಗ್ಗಿಯ ಕಾಲದಲ್ಲಿ ಮನುಷ್ಯನನ್ನ ಅಳೆದದ್ದು ಅವನ ಹಡಗಿನಿಂದ, ಸರಕಿನಿಂದ. ಕೆಟ್ಟ ಕಾಲದಲ್ಲಿ ಅಳೆದದ್ದು ಮೂಗಿನಿಂದ. ಎರಡು ಸಲವೂ ಮನುಷ್ಯ ಲೆಕ್ಕಕ್ಕೆ ಬರಲಿಲ್ಲ.

ಕಾಂಟ್ ಹೇಳಿದ್ದರ ತೂಕ ಗೊತ್ತಾಗುವುದು ಇಲ್ಲಿ. ಲಾಭಕ್ಕಾಗಿ ತೋರಿಸುವ ಸಹನೆ ಸುಳ್ಳಲ್ಲ, ಆದರೆ ಅದಕ್ಕೆ ಅವಧಿ ಇದೆ. ಔಷಧಿ ಡಬ್ಬದ ಮೇಲೆ ಎಕ್ಸ್‌ಪೈರಿ ಡೇಟ್ ಇರುತ್ತಲ್ಲ, ಹಾಗೆ. ಡೇಟ್ ಒಳಗಡೆ ಅದು ನಿಜವಾಗಿಯೂ ಕೆಲಸ ಮಾಡುತ್ತೆ. ಮುಗಿದ ಮೇಲೂ ಕೆಲಸ ಮಾಡುತ್ತೆ ಅಂತ ನಂಬಿ ಕೂತವನ ಗತಿ ಕಷ್ಟ.

ನಮ್ಮ ವಯಸ್ಸಿನವರಿಗೆ ಇದು ದೂರದ ಕಥೆ ಅನ್ನಿಸಬಾರದು. ನಾವೆಲ್ಲ ಒಂಥರಾ ಬಂದರಿನ ಜನ. ಕಂಪನಿಯ ಗೋಡೆಯ ಮೇಲೆ ಡೈವರ್ಸಿಟಿ ಪೋಸ್ಟರ್ ಇದೆ, ದೀಪಾವಳಿಗೂ ಈದ್‌ಗೂ ಕ್ರಿಸ್‌ಮಸ್‌ಗೂ ಎಚ್‌ಆರ್‌ನಿಂದ ಒಂದೇ ಅಳತೆಯ ಇಮೇಲ್ ಬರುತ್ತೆ. ಅದನ್ನ ನಾನು ಆಡಿಕೊಳ್ಳಲ್ಲ. ಆ ಪೋಸ್ಟರ್ ಇಲ್ಲದ ಕಡೆ ಕೆಲಸ ಮಾಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಟೀಮಿನಲ್ಲಿ ನಾಲ್ಕು ವರ್ಷ ಪಕ್ಕದ ಸೀಟಿನಲ್ಲಿ ಕೂತವನ ಹೆಂಡತಿಯ ಹೆಸರು ನಮಗೆ ಗೊತ್ತಾ? ಅವನಿಗೆ ಬಾಡಿಗೆ ಮನೆ ಸಿಗದೆ ಅಲೆದಾಡುವಾಗ ನಾವು ಓನರ್ ಹತ್ತಿರ ಒಂದು ಮಾತು ಆಡಿದ್ವಾ? ಲೇಆಫ್ ಪಟ್ಟಿಯಲ್ಲಿ ಅವನ ಹೆಸರು ಬಂದು ಲ್ಯಾಪ್‌ಟಾಪ್ ವಾಪಸ್ ಕೊಟ್ಟ ಮೇಲೆ ಒಂದು ಫೋನ್ ಹೋಯಿತಾ? ಪ್ರಾಜೆಕ್ಟ್ ನಡೆಯುವಾಗಿನ ನಗು ಬೇರೆ, ಮುಗಿದ ಮೇಲಿನ ಫೋನ್ ಬೇರೆ.

ಹಾಗಂತ ಕ್ವಾನ್‌ಝೌ ಕಥೆ 1366ಕ್ಕೆ ಮುಗಿಯಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಆ ಊರು ಮುಖ್ಯ ಅನ್ನಿಸುವುದು ಅದರ ವೈಭವಕ್ಕಲ್ಲ, ವೈಭವ ಹೋದ ಮೇಲೆ ಅಲ್ಲಿ ಉಳಿದ ಸಣ್ಣಪುಟ್ಟ ಸಂಗತಿಗಳಿಗೆ. ಮಿಂಗ್ ದೊರೆಗಳು ಬಂದರು, ಖಾಸಗಿ ಕಡಲ ವ್ಯಾಪಾರಕ್ಕೆ ನಿಷೇಧ ಬಿತ್ತು. ಯಾವ ಪರದೇಶಿ ದೇವರನ್ನ ಕಾಪಾಡಿದರೂ ಯಾರಿಗೂ ನಾಲ್ಕು ಕಾಸು ಹುಟ್ಟುತ್ತಿರಲಿಲ್ಲ. ಆಗ ಏನು ಉಳಿಯಿತು, ಯಾರು ಉಳಿಸಿದರು?

ಚೆಂಡಾಯ್ ಅನ್ನುವ ಊರಿಗೆ ಡಿಂಗ್ ಮನೆತನದವರು ಆ ಗಲಭೆಯ ಕಾಲದಲ್ಲಿ ಬಂದು ಸೇರಿದರು. ಮುಸ್ಲಿಮ್ ವ್ಯಾಪಾರಿಗಳ ವಂಶ. ಸಮುದ್ರ ತೀರದ ಕೆಸರು ಭೂಮಿಯಲ್ಲಿ ಬೇಸಾಯ, ಚಿಪ್ಪುಮೀನು ಸಾಕಣೆ ಮಾಡಿಕೊಂಡು, ಅಕ್ಕಪಕ್ಕದವರ ಹಾಗೇ ಚೀನೀ ಪದ್ಧತಿ ಕಲಿತು ಬದುಕಿದರು. ಕಾಲಕ್ರಮೇಣ ನಮಾಜು ಬಿಟ್ಟುಹೋಯಿತು, ಹಂದಿಮಾಂಸ ತಿನ್ನುವುದೂ ರೂಢಿಯಾಯಿತು. ಆದರೆ ಪೂರ್ವಜರಿಗೆ ಎಡೆ ಇಡುವಾಗ ಮಾತ್ರ ಹಂದಿಮಾಂಸ ಇಡುವುದಿಲ್ಲ. ತಾವು ತಿಂದರೂ ಹಿರಿಯರಿಗೆ ಬಡಿಸುವುದಿಲ್ಲ. ಪಿತೃಪಕ್ಷದಲ್ಲಿ ಎಡೆ ಇಡುವ ನಮ್ಮ ಮನೆಗಳವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ತಾತನಿಗೆ ಇಷ್ಟ ಅಂತ ಅವರೆಕಾಳು ಉಪ್ಪಿಟ್ಟು ಇಡೋದು, ಅಜ್ಜಿಗೆ ಆಗ್ತಿರಲಿಲ್ಲ ಅಂತ ಬೆಳ್ಳುಳ್ಳಿ ಬಿಡೋದು ಇದ್ದದ್ದೇ. 1979ರಲ್ಲಿ ಸರ್ಕಾರ ಇವರನ್ನ ಹುಯಿ ಜನಾಂಗದವರು, ಅಂದರೆ ಚೀನೀ ಮುಸ್ಲಿಮ್ ಮೂಲದವರು ಅಂತ ಗುರುತಿಸಿತು. ಅಲ್ಲಿಯವರೆಗಿನ ಆರು ಶತಮಾನ ಅವರ ಗುರುತನ್ನ ಕಾಯ್ದದ್ದರಲ್ಲಿ ಆ ಎಡೆಯ ಪಾಲೂ ಇದೆ. ಅದರಿಂದ ಲಾಭ ಏನೂ ಇರಲಿಲ್ಲ.

ಅದೇ ಕಡೆಯ ಚೆಡಿಯನ್ ಅನ್ನುವ ಹಳ್ಳಿಯಲ್ಲಿ ಒಂದು ಹಿಂದೂ ದೇವಿಯ ಕಲ್ಲಿಗೆ ಇವತ್ತಿಗೂ ಪೂಜೆ ನಡೆಯುತ್ತೆ. ಊರವರಿಗೆ ಅದು ಗ್ವಾನ್‌ಯಿನ್, ಕರುಣೆಯ ಬೋಧಿಸತ್ವೆ. ಚಾವೊಆನ್ ಗುಡಿಯ ಮಾನಿಗೂ ಬುದ್ಧನೆಂದೇ ಊದುಬತ್ತಿ ಹಚ್ಚುತ್ತಾರೆ. ಇಲ್ಲೊಂದು ತಕರಾರು ಎತ್ತಬಹುದು: ಯಾರು ಅಂತ ಗೊತ್ತಿಲ್ಲದೆ ಕೈಮುಗಿದರೆ ಅದು ಗೌರವವೇ? ಇನ್ನೊಬ್ಬರ ದೇವರ ಹೆಸರು ಅಳಿಸಿ ನಮ್ಮ ಹೆಸರು ಬರೆದ ಹಾಗಲ್ಲವೇ?

ತಕರಾರು ನ್ಯಾಯವಾದದ್ದೇ. ಆ ದೇವಿಯನ್ನ ಸ್ಥಾಪಿಸಿದ ಜನರ ನೆನಪು ಆ ಹಳ್ಳಿಯಲ್ಲಿ ಹೆಚ್ಚೇನೂ ಉಳಿದಿಲ್ಲ, ಅದು ನಷ್ಟವೇ. ಆದರೂ ಒಂದು ಮಾತು. ಬೇಕಿದ್ದರೆ ಆ ಕಲ್ಲನ್ನ ಒಗೆಯುವ ಕಲ್ಲಾಗಿ ಹಾಕಿಕೊಳ್ಳಬಹುದಿತ್ತು, ಹಂದಿಗೂಡಿನ ಗೋಡೆಗೆ ಸೇರಿಸಬಹುದಿತ್ತು. ಯಾರೋ ಒಬ್ಬ ಅಜ್ಜಿ ಅದರ ಮುಖ ನೋಡಿ, ಇವಳೂ ತಾಯಿಯ ಹಾಗೇ ಕಾಣ್ತಾಳೆ ಅಂದಿರಬೇಕು. ಹೆಸರು ತಪ್ಪಿತು, ಮುಖದಲ್ಲಿ ಕಂಡದ್ದು ತಪ್ಪಲಿಲ್ಲ. ಎಲ್ಲ ತಿಳಿದೂ ಸಹಿ ಹಾಕಿ ಮುಂದಕ್ಕೆ ಹೋಗುವ ಸುಂಕದ ಅಧಿಕಾರಿಗಿಂತ, ತಿಳಿಯದೆ ಹೂವಿಡುವ ಈ ಅಜ್ಜಿ ನನಗೆ ಹತ್ತಿರದವಳು ಅನ್ನಿಸುತ್ತಾಳೆ. ಆದರೆ ಅಲ್ಲಿಗೇ ನಿಂತರೂ ಸಾಲದು. ಕಾಳಜಿಯ ಜೊತೆ ತಿಳಿವಳಿಕೆಯೂ ಬೇಕು, ಇಲ್ಲದಿದ್ದರೆ ಪಕ್ಕದ ಮನೆಯವರು ನಮಗೆ ಯಾವತ್ತೂ ನಮ್ಮ ಹಾಗೇ ಇರಬೇಕು.

ಎರಡನ್ನೂ ಕೂಡಿಸಿದ ಒಬ್ಬ ಮನುಷ್ಯ ಆ ಊರಿನಲ್ಲಿ ಇದ್ದ. ಹೆಸರು ವು ವೆನ್‌ಲಿಯಾಂಗ್, ಶಾಲಾ ಮೇಷ್ಟ್ರು. ಹಳೆಯ ದೇವಸ್ಥಾನ, ಮಸೀದಿ, ಸಮಾಧಿಗಳ ಕಲ್ಲುಗಳನ್ನ ಹಿಂದೆ ಊರಿನ ಕೋಟೆಗೋಡೆಗೆ ಬಳಸಿಬಿಟ್ಟಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಆ ಗೋಡೆಗಳನ್ನ ಕೆಡವಿದಾಗ ಅವೆಲ್ಲ ಹೊರಗೆ ಬಿದ್ದವು. ಅರಬ್ಬಿ ಬರಹದ ಸಮಾಧಿಗಲ್ಲು, ತಾವರೆಯ ಮೇಲೆ ನಿಂತ ಶಿಲುಬೆ, ಲಿಂಗಕ್ಕೆ ಹೂ ಅರ್ಪಿಸುವ ಆನೆ. ಕಟ್ಟಡದವರಿಗೆ ಅವು ಬರೀ ಕಲ್ಲು. ವು ಮೇಷ್ಟ್ರು ಅವನ್ನ ಒಂದೊಂದಾಗಿ ಹುಡುಕಿ, ಕೂಡಿಹಾಕಿ, ಅಧ್ಯಯನ ಮಾಡಿ 1957ರಲ್ಲಿ ಅವುಗಳ ಬಗ್ಗೆ ಪುಸ್ತಕ ತಂದರು. ಇವತ್ತು ಕ್ವಾನ್‌ಝೌ ಕಡಲ ವ್ಯಾಪಾರದ ಮ್ಯೂಸಿಯಮ್ಮಿನಲ್ಲಿ ಅಷ್ಟು ಧರ್ಮಗಳ ಕಲ್ಲುಗಳನ್ನ ನಾವು ನೋಡಬಹುದಾಗಿರುವುದರಲ್ಲಿ ಅವರ ಶ್ರಮ ದೊಡ್ಡದು. ಆ ಸಮಾಧಿಗಳಲ್ಲಿ ಮಲಗಿದ್ದವರ ಪರವಾಗಿ ಕೇಳುವವರು ಊರಿನಲ್ಲಿ ಯಾರೂ ಇರಲಿಲ್ಲ. ಸುಂಕ ಕಟ್ಟುವವರೂ ಇರಲಿಲ್ಲ.

ಕಾಂಟ್‌ಗೂ ವೋಲ್ಟೇರ್‌ಗೂ ರಾಜಿ ಮಾಡಿಸಿ ಅಂದರೆ ನಾನು ಇಷ್ಟು ಹೇಳ್ತೀನಿ. ಲಾಭ ನಮ್ಮನ್ನ ಒಂದೇ ಬೀದಿಗೆ ತಂದು ನಿಲ್ಲಿಸುತ್ತೆ. ಅದು ದೊಡ್ಡ ಉಪಕಾರವೇ, ಬೇರೆ ಯಾವುದರಿಂದಲೂ ಅದು ಇಷ್ಟು ಬೇಗ ಆಗಲ್ಲ. ಆದರೆ ಬೀದಿಗೆ ಬಂದ ಮೇಲೆ ಮಾಡಬೇಕಾದ ಕೆಲಸವನ್ನ ಲಾಭ ಮಾಡಿಕೊಡುವುದಿಲ್ಲ. ಇನ್ನೊಬ್ಬರ ಹೆಸರು ಸರಿಯಾಗಿ ಕಲಿಯುವುದು, ಅವರ ಹಬ್ಬ ಯಾಕೆ ಅಂತ ಕೇಳುವುದು, ಅವರ ಕಷ್ಟಕ್ಕೆ ಮಾತಾಡುವ ರೂಢಿ ಬೆಳೆಸಿಕೊಳ್ಳುವುದು, ಇವನ್ನೆಲ್ಲ ವ್ಯಾಪಾರ ಚೆನ್ನಾಗಿ ನಡೀತಿರುವಾಗಲೇ ಮಾಡಿಟ್ಟುಕೊಳ್ಳಬೇಕು. ಕೋಟೆ ಬಾಗಿಲು ಹಾಕಿದ ಮೇಲೆ ಪರಿಚಯ ಮಾಡಿಕೊಳ್ಳೋಕೆ ಪುರುಸೊತ್ತಿರಲ್ಲ. ಮೇಲಿನಿಂದ ಬಂದ ಫರ್ಮಾನು ಮೇಲಿನವರ ಜೊತೆಗೇ ಹೋಗುತ್ತೆ. ಕ್ವಾನ್‌ಝೌ ಮೂರು ಶತಮಾನ ಪಡೆದ ಅವಕಾಶ ಅದು. ಬಂದರಿನ ಕಚೇರಿಯಲ್ಲಿ ಅದರ ಲೆಕ್ಕ ಇತ್ತು, ಬೀದಿಯಲ್ಲಿ ಎಷ್ಟರಮಟ್ಟಿಗೆ ಇಳಿದಿತ್ತು ಅನ್ನೋದು ಆ ಮೂರು ದಿನಗಳಲ್ಲಿ ಗೊತ್ತಾಯಿತು.

ಈಗ ಕ್ವಾನ್‌ಝೌಗೆ ಮತ್ತೆ ಒಳ್ಳೆಯ ಕಾಲ. 2021ರಲ್ಲಿ ಊರಿನ ಮತ್ತು ಸುತ್ತಮುತ್ತಲಿನ 22 ತಾಣಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಶುನ್‌ಪು ಅನ್ನುವ ಮೀನುಗಾರರ ಕೇರಿಯ ಹೆಂಗಸರು ಹಿಂದಿನಿಂದಲೂ ತಲೆ ತುಂಬ ಹೂ ಮುಡಿಯುತ್ತಾರೆ. ಈಗ ಪ್ರವಾಸಿಗರೂ ಅಲ್ಲಿ ಹೋಗಿ, ಹಾಗೇ ಹೂ ಮುಡಿಸಿಕೊಂಡು, ಸಿಂಪಿ ಚಿಪ್ಪಿನ ಗೋಡೆಗಳ ಮುಂದೆ ಫೋಟೋ ತೆಗೆಸಿಕೊಳ್ತಾರೆ. ಹಿಂದೆ ಮೆಣಸು, ಈಗ ಪ್ರವಾಸ. ಎಲ್ಲ ಧರ್ಮಗಳ ಸೌಹಾರ್ದ ಅನ್ನೋದು ಮತ್ತೊಮ್ಮೆ ಊರಿನ ಸರಕಾಗಿದೆ. ಆಗಲಿ, ಕಲ್ಲುಗಳಿಗೆ ಸೂರು ಸಿಕ್ಕಿತಲ್ಲ.

ನೀವು ಹೋದರೆ ಕೈಯುವಾನ್ ಕಂಬಗಳನ್ನ ಖಂಡಿತ ನೋಡಿ. ಕೃಷ್ಣನ ಜೊತೆ ಸೆಲ್ಫಿ ತೆಗೆದುಕೊಳ್ಳಿ, ಅದರಲ್ಲೇನು ತಪ್ಪಿಲ್ಲ. ಫೋಟೋ ಗ್ರೂಪಿಗೆ ಹಾಕುವಾಗ ಮಾತ್ರ, ಈ ಕಂಬ ಮೊದಲು ನಿಂತಿದ್ದ ದೇವಸ್ಥಾನ ಏನಾಯಿತು ಅಂತ ಒಂದು ಸಾಲು ಸೇರಿಸಿ. ಕೇಳುವವರು ಯಾರಾದರೂ ಒಬ್ಬರು ಇದ್ದೇ ಇರುತ್ತಾರೆ.